ಬಾಗಿಲು ಮುಚ್ಚಿದ ಕಾಲದಲ್ಲಿ ಹಿರಿಯರ ಮನಸ್ಸು

(ಹಿರಿಯರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ. ಆಡುಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೋವಿಡ್-19 ಈಗ ಪ್ಯಾಂಡೆಮಿಕ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2020ರ ಮಾರ್ಚ್ 11ರಂದು. ಆ ಹೊತ್ತಿಗೆ ವಯಸ್ಸಾದವರ ಬಗ್ಗೆ ಎರಡು ಭಯ ಎಲ್ಲರಲ್ಲೂ ಇತ್ತು. ಒಂದು ದೇಹದ ಬಗ್ಗೆ. ಅದು ನಿಜವೇ ಆಯಿತು. ಅಮೆರಿಕದ ಲೆಕ್ಕವನ್ನೇ ತೆಗೆದುಕೊಂಡರೆ, ಮೊದಲ ವರ್ಷ ಕೋವಿಡ್‌ನಿಂದ ತೀರಿಕೊಂಡ ಹತ್ತು ಜನರಲ್ಲಿ ಎಂಟು ಮಂದಿ 65 ದಾಟಿದವರು. ಇನ್ನೊಂದು ಭಯ ಮನಸ್ಸಿನ ಬಗ್ಗೆ. ಮನೆಯೊಳಗೇ ಕೂತು, ಯಾರನ್ನೂ ಕಾಣದೆ, ದಿನವಿಡೀ ಸಾವಿನ ಸುದ್ದಿ ಕೇಳುತ್ತಾ ಇವರು ಕುಸಿದುಹೋಗುತ್ತಾರೆ, ಕಾಯಿಲೆಗಿಂತ ಮೊದಲು ಒಂಟಿತನವೇ ಇವರನ್ನು ತಿನ್ನುತ್ತದೆ ಎಂದು ವೈದ್ಯರೂ ಪತ್ರಿಕೆಗಳೂ ಎಚ್ಚರಿಸಿದವು.

ಈ ಎರಡನೆಯ ಭಯದ ವಿಷಯದಲ್ಲಿ ಬಂದ ಉತ್ತರ ಯಾರೂ ಎಣಿಸಿದಂತೆ ಇರಲಿಲ್ಲ.

ಆ ವರ್ಷದ ಜೂನ್ ಕೊನೆಯ ವಾರ 5,412 ವಯಸ್ಕರ ಸಮೀಕ್ಷೆಯೊಂದು ನಡೆಯಿತು, ಆಗಸ್ಟ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಅದನ್ನು ಪ್ರಕಟಿಸಿತು. 18ರಿಂದ 24 ವರ್ಷದವರಲ್ಲಿ ಸುಮಾರು 49% ಜನರಲ್ಲಿ ಆತಂಕದ ಕಾಯಿಲೆಯ ಲಕ್ಷಣಗಳಿದ್ದವು. 65 ದಾಟಿದವರಲ್ಲಿ ಆ ಪ್ರಮಾಣ ಸುಮಾರು 6%. ಖಿನ್ನತೆಯ ಲಕ್ಷಣ ಎಳೆಯರಲ್ಲಿ 52%, ಹಿರಿಯರಲ್ಲಿ 6%ಗಿಂತ ಕಡಿಮೆ. ಯಾರ ಜೀವಕ್ಕೆ ಅಪಾಯ ಅತಿ ಹೆಚ್ಚೋ ಅವರ ಮನಸ್ಸು ಹೆಚ್ಚು ಗಟ್ಟಿಯಾಗಿ ನಿಂತಿತ್ತು.

ಈ ಅಂಕಿಗಳನ್ನು ಕೇಳಿ ಹಿಗ್ಗುವ ಮೊದಲು ಒಂದು ಮಾತು. ಇಂಥ ಸಮೀಕ್ಷೆಗೆ ಉತ್ತರ ಕೊಡುವವರು ಕಂಪ್ಯೂಟರ್ ಇರುವವರು, ಓದಬಲ್ಲವರು, ಕೂತು ಉತ್ತರಿಸುವಷ್ಟು ಆರೋಗ್ಯ ಇರುವವರು. ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆ ಇರುವವರು, ಆರೈಕೆ ಕೇಂದ್ರಗಳಲ್ಲಿ ಇರುವವರು ಈ ಲೆಕ್ಕದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅವರ ಬಗ್ಗೆ ಆಮೇಲೆ ಹೇಳುತ್ತೇನೆ. ಅವರನ್ನು ಬಿಟ್ಟು ಈ ವಿಷಯ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

ಆದರೂ ಇದು ಒಂದೇ ಸಮೀಕ್ಷೆಯ ಮಾತಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಾರಾ ಕಾರ್ಸ್ಟೆನ್ಸನ್ ಮತ್ತು ಸಂಗಡಿಗರು 2020ರ ಏಪ್ರಿಲ್‌ನಲ್ಲೇ, ಭಯ ನೆತ್ತಿಗೇರಿದ್ದ ಹೊತ್ತಿನಲ್ಲಿ, 18ರಿಂದ 76 ವಯಸ್ಸಿನ 945 ಅಮೆರಿಕನ್ನರನ್ನು ಅವರವರ ಭಾವನೆಗಳ ಬಗ್ಗೆ ಕೇಳಿದರು. ಸಿಟ್ಟು, ದುಃಖ, ಕಳವಳ ಎಷ್ಟು ಸಲ ಬಂತು, ಎಷ್ಟು ಜೋರಾಗಿ ಬಂತು? ನೆಮ್ಮದಿ, ಸಂತೋಷ, ಆಸಕ್ತಿ ಎಷ್ಟು? ವಯಸ್ಸು ಏರಿದಂತೆ ಹಿತವಾದ ಭಾವನೆಗಳು ಹೆಚ್ಚು, ಕಹಿ ಭಾವನೆಗಳು ಕಡಿಮೆ ಎಂದು ಕಂಡುಬಂತು. "ಇವರಿಗೆ ಅಪಾಯದ ಅರಿವೇ ಇರಲಿಲ್ಲವೇನೋ" ಎಂದು ನೀವು ಕೇಳಬಹುದು. ಅಪಾಯ ತಮಗೆಷ್ಟು ಎಂದು ಅವರು ಅಂದಾಜು ಮಾಡಿಕೊಂಡಿದ್ದನ್ನೂ ಲೆಕ್ಕಕ್ಕೆ ಹಿಡಿದು ನೋಡಿದರು. ಆಗಲೂ ಫಲಿತಾಂಶ ಬದಲಾಗಲಿಲ್ಲ.

ಇನ್ನೊಂದು ತಂಡ ಅದೇ ಜನರನ್ನು ಮೂರು ಸಲ ಕೇಳಿತು: ಸೋಂಕು ಹರಡುವ ಮೊದಲು, ಮಾರ್ಚ್ ಕೊನೆಗೆ, ಏಪ್ರಿಲ್ ಕೊನೆಗೆ. ಒಟ್ಟಾರೆ ಒಂಟಿತನ ಏರಲಿಲ್ಲ. ಹಿರಿಯರಲ್ಲಿ ಮಾರ್ಚ್‌ನಲ್ಲಿ ಸ್ವಲ್ಪ ಏರಿತು, ಆಮೇಲೆ ಅಲ್ಲಿಗೇ ನಿಂತಿತು. ಆ ಸಣ್ಣ ಏರಿಕೆಯನ್ನು ನಾನು ಮರೆಮಾಚುವುದಿಲ್ಲ. ಹಿರಿಯರಿಗೂ ನೋವಾಯಿತು. ನೋವನ್ನು ಹೊತ್ತುಕೊಂಡೇ ಅವರು ದಿನ ನಡೆಸಿದರು.

ಯಾಕೆ ಹೀಗೆ? ಈ ಪ್ರಶ್ನೆಗೆ ಸ್ವಲ್ಪ ಹೆಚ್ಚು ಹೊತ್ತು ಕೊಡೋಣ, ಯಾಕೆಂದರೆ ಉತ್ತರ ಸಿಕ್ಕರೆ ನಾವು ಏನು ಮಾಡಬೇಕು, ಏನು ಮಾಡಬಾರದು ಎಂಬುದೂ ಸಿಗುತ್ತದೆ.

ಕಾರ್ಸ್ಟೆನ್ಸನ್ ಅವರದೇ ಒಂದು ವಿವರಣೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪರೀಕ್ಷೆಗೆ ನಿಂತಿದೆ. ಮುಂದೆ ಬೇಕಾದಷ್ಟು ಕಾಲ ಇದೆ ಅನ್ನಿಸಿದಾಗ ಮನುಷ್ಯ ಹೊಸ ಪರಿಚಯ, ಹೊಸ ತಿಳಿವಳಿಕೆ, ಮುಂದೆಂದೋ ಪ್ರಯೋಜನಕ್ಕೆ ಬರುವ ಸಂಬಂಧ ಇವುಗಳ ಹಿಂದೆ ಹೋಗುತ್ತಾನೆ. ಉಳಿದ ಕಾಲ ಕಡಿಮೆ ಅನ್ನಿಸಿದಾಗ ಈಗ, ಇಲ್ಲಿ, ಮನಸ್ಸಿಗೆ ಹತ್ತಿರವಾದವರ ಕಡೆಗೆ ತಿರುಗುತ್ತಾನೆ. ಇದನ್ನು ಅಳೆಯಲು ಅವರ ತಂಡ ಕೇಳಿದ ಪ್ರಶ್ನೆ ಬಹಳ ಸರಳ. ನಿಮಗೆ ಅರ್ಧ ಗಂಟೆ ಬಿಡುವಿದೆ. ಹತ್ತಿರದ ಬಂಧು, ನೀವು ಓದಿದ ಪುಸ್ತಕದ ಲೇಖಕ, ಹೊಂದಿಕೆಯಾಗಬಹುದು ಅನ್ನಿಸುವ ಹೊಸ ಪರಿಚಯದವರು, ಈ ಮೂವರಲ್ಲಿ ಯಾರೊಡನೆ ಕಳೆಯುತ್ತೀರಿ? ಹಿರಿಯರಲ್ಲಿ ಹೆಚ್ಚಿನವರು ಬಂಧುವನ್ನು ಆರಿಸಿದರು. ಎಳೆಯರಲ್ಲಿ ಅಂಥ ಒಲವು ಕಾಣಲಿಲ್ಲ. "ನೀವು ಸದ್ಯದಲ್ಲೇ ಊರು ಬಿಟ್ಟು ಬಹಳ ದೂರ ಹೋಗುತ್ತೀರಿ ಎಂದುಕೊಳ್ಳಿ" ಎಂದಾಗ ಎಳೆಯರೂ ಬಂಧುವನ್ನೇ ಆರಿಸಿದರು. "ವೈದ್ಯಶಾಸ್ತ್ರದ ಹೊಸ ಶೋಧದಿಂದ ನಿಮಗೆ ಇನ್ನೂ 20 ವರ್ಷ ಹೆಚ್ಚು ಸಿಗುತ್ತದೆ ಎಂದುಕೊಳ್ಳಿ" ಎಂದಾಗ ಹಿರಿಯರ ಒಲವೂ ಸಡಿಲವಾಯಿತು. ಅಂದರೆ ಇಲ್ಲಿ ಕೆಲಸ ಮಾಡುತ್ತಿರುವುದು ನೆರೆಗೂದಲಲ್ಲ, ಕಾಲದ ಅರಿವು.

2003ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಸಾರ್ಸ್ ಎಂಬ, ಕೋವಿಡ್‌ನಂಥದೇ ಉಸಿರಾಟದ ಸೋಂಕು ಹರಡಿದಾಗ ಇದಕ್ಕೆ ಪ್ರಯೋಗಾಲಯದ ಹೊರಗಿನ ಪುರಾವೆಯೂ ಸಿಕ್ಕಿತು. ಸೋಂಕಿನ ದಿನಗಳಲ್ಲಿ ಅಲ್ಲಿನ ಯುವಕರ ಆಯ್ಕೆಗಳು ಮುದುಕರ ಆಯ್ಕೆಗಳಂತೆ ಆದವು. ಬದುಕು ನಿಶ್ಚಿತವಲ್ಲ ಎಂಬುದು ಎಳೆಯರಿಗೆ ಆಗ ಹೊಸ ಸುದ್ದಿ. ಹಿರಿಯರು ಅದರ ಜತೆ ಬದುಕಿ ಎಷ್ಟೋ ಕಾಲವಾಗಿತ್ತು. ಕೋವಿಡ್‌ನಲ್ಲೂ ಇದೇ ನಡೆಯಿತು ಎಂದು ನನ್ನ ನಂಬಿಕೆ. ಇಪ್ಪತ್ತರ ಹುಡುಗಿಗೆ ಕಾಲೇಜು, ಮೊದಲ ಕೆಲಸ, ಗೆಳೆತನ, ಎಲ್ಲವೂ ಒಮ್ಮೆಗೇ ತಡೆದು ನಿಂತವು. ಎಪ್ಪತ್ತೈದರ ಅಜ್ಜಿಗೆ ಬೇಕಾದವರು ನಾಲ್ಕೈದೇ ಜನ, ಅವರು ಫೋನಿನ ಆ ತುದಿಯಲ್ಲಿದ್ದರು. ಹೀಗೆ ಹೇಳುವಾಗ ಎಳೆಯರ ನೋವು ಸಣ್ಣದು ಎಂದು ಅರ್ಥವಲ್ಲ. ಆ ಅಂಕಿಗಳಲ್ಲಿರುವ ಅರ್ಧದಷ್ಟು ಎಳೆಯರ ಆತಂಕ ಇನ್ನೊಂದು ಇಡೀ ಉಪನ್ಯಾಸಕ್ಕೆ ತಕ್ಕ ವಿಷಯ.

ಎರಡನೆಯ ಕಾರಣ ಅನುಭವ ಕಲಿಸಿದ ಒಂದು ಜಾಣ್ಮೆ. ಬರ್ಲಿನ್‌ನಲ್ಲಿ ವೃದ್ಧಾಪ್ಯವನ್ನು ದೀರ್ಘಕಾಲ ಅಧ್ಯಯನ ಮಾಡಿದ ಪಾಲ್ ಬಾಲ್ಟೆಸ್ ಅವರು ಇದನ್ನು ವಿವರಿಸಲು ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್ ಅವರ ಉದಾಹರಣೆ ಕೊಡುತ್ತಿದ್ದರು. ಎಂಬತ್ತರ ವಯಸ್ಸಿನಲ್ಲೂ ಇಷ್ಟು ಚೆನ್ನಾಗಿ ಹೇಗೆ ನುಡಿಸುತ್ತೀರಿ ಎಂದು ಕೇಳಿದಾಗ ರೂಬಿನ್‌ಸ್ಟೈನ್ ಮೂರು ಸಂಗತಿ ಹೇಳಿದರಂತೆ. ಮೊದಲಿಗಿಂತ ಕಡಿಮೆ ಕೃತಿಗಳನ್ನು ನುಡಿಸುತ್ತೇನೆ. ಅವನ್ನೇ ಹೆಚ್ಚು ಅಭ್ಯಾಸ ಮಾಡುತ್ತೇನೆ. ವೇಗದ ಭಾಗ ಬರುವ ಮೊದಲು ಸ್ವಲ್ಪ ನಿಧಾನಿಸುತ್ತೇನೆ, ಆಗ ಮುಂದಿನದು ಕೇಳುಗರಿಗೆ ವೇಗವಾಗಿಯೇ ಕೇಳುತ್ತದೆ. ಕೆಲವನ್ನು ಬಿಡುವುದು, ಉಳಿದದ್ದನ್ನು ತಿದ್ದುವುದು, ಕೊರತೆಗೆ ಬದಲಿ ಹುಡುಕುವುದು. ನಡೆಯಲು ಹೊರಗೆ ಹೋಗಲಾಗದವರು ಹಜಾರದಲ್ಲೇ ಇಷ್ಟು ಸುತ್ತು ಎಂದು ಗೊತ್ತು ಮಾಡಿಕೊಂಡದ್ದು, ಸುದ್ದಿಯನ್ನು ದಿನಕ್ಕೆ ಒಂದೇ ಸಲ ನೋಡಿ ಟೀವಿ ಆರಿಸಿದ್ದು, ಹತ್ತು ಜನರಿಗೆ ಫೋನ್ ಮಾಡುವ ಬದಲು ಇಬ್ಬರಿಗೆ ಮಾಡಿ ಮನಸಾರೆ ಮಾತಾಡಿದ್ದು, ಇವೆಲ್ಲ ಅದೇ ಜಾಣ್ಮೆಯ ಮನೆವಾರ್ತೆಯ ರೂಪಗಳು. ಮಂಡಿನೋವು ಬಂದಾಗ, ಕಣ್ಣು ಮಬ್ಬಾದಾಗ, ಸಂಗಾತಿ ಹೋದಾಗ ಹಿರಿಯರು ಇದನ್ನು ಆಗಲೇ ಕಲಿತುಬಿಟ್ಟಿರುತ್ತಾರೆ.

ಈಗ ಇದರ ಇನ್ನೊಂದು ಮುಖ. ಮತ್ತೆ ಹಾಂಗ್‌ಕಾಂಗ್‌ಗೇ ಹೋಗೋಣ.

ಅದೇ ನಗರ, ಅದೇ 2003, ಅದೇ ಸಾರ್ಸ್. ಅಲ್ಲಿ ಸಾರ್ಸ್‌ಗೆ ಬಲಿಯಾದವರು 299 ಜನ. ಆ ವರ್ಷ 65 ದಾಟಿದವರ ಆತ್ಮಹತ್ಯೆಯ ಪ್ರಮಾಣವೂ ಏರಿತು. ಆಮೇಲೆ ಸಂಶೋಧಕರು ಸಾವಿನ ದಾಖಲೆಗಳನ್ನು ಒಂದೊಂದಾಗಿ ಓದಿದಾಗ ಕಂಡ ಕಾರಣಗಳು: ಸೋಂಕು ತಗಲುವ ಭಯ, ಜನಸಂಪರ್ಕ ಕಡಿದುಹೋದದ್ದು, ದಿನಚರಿ ತಪ್ಪಿದ್ದು, ಮನೆಯವರಿಗೆ ಹೊರೆಯಾಗುತ್ತೇನೆ ಎಂಬ ಕೊರಗು. ಮೊದಲೇ ದೀರ್ಘ ಕಾಯಿಲೆ ಇದ್ದವರಲ್ಲಿ ಇದು ಹೆಚ್ಚು.

ಹಾಗಾದರೆ ಹಿರಿಯರು ಗಟ್ಟಿಯೋ, ದುರ್ಬಲರೋ? ಎರಡು ಅಧ್ಯಯನಗಳೂ ನಿಜ. ಹಿರಿಯರ ಮನೋಸ್ಥೈರ್ಯದ ಬಹುಪಾಲು ಆಯ್ಕೆಯ ಮೇಲೆ ನಿಂತಿದೆ ಎಂದು ನಾನು ತಿಳಿದಿದ್ದೇನೆ. ಇಂದು ನಾನು ಹೇಳಲು ಬಂದಿರುವ ಮಾತೂ ಇದೇ. ಯಾರನ್ನು ನೋಡುವುದು, ಯಾವುದನ್ನು ಬಿಡುವುದು, ದಿನವನ್ನು ಹೇಗೆ ಕಳೆಯುವುದು ಎಂದು ನಿರ್ಧರಿಸುವ ಅಧಿಕಾರ ಅವರ ಕೈಯಲ್ಲಿ ಇರುವವರೆಗೆ ಅವರು ಆಶ್ಚರ್ಯವಾಗುವಷ್ಟು ತಡೆದುಕೊಳ್ಳುತ್ತಾರೆ. ಅದನ್ನು ಕಿತ್ತುಕೊಂಡರೆ ಅಷ್ಟೂ ವರ್ಷಗಳ ಜಾಣ್ಮೆಗೆ ಕೆಲಸವೇ ಇರುವುದಿಲ್ಲ. ಸೂಸನ್ ಚಾರ್ಲ್ಸ್ ಎಂಬ ಮನಶ್ಶಾಸ್ತ್ರಜ್ಞೆ 2010ರಲ್ಲೇ ಇದಕ್ಕೆ ಹತ್ತಿರದ ಮಾತು ಹೇಳಿದ್ದರು: ಕಷ್ಟದಿಂದ ಪಕ್ಕಕ್ಕೆ ಸರಿಯುವುದರಲ್ಲಿ ಹಿರಿಯರು ನಿಪುಣರು, ಆದರೆ ತಪ್ಪಿಸಿಕೊಳ್ಳಲಾಗದ, ಬಹುಕಾಲ ಎಳೆಯುವ ಒತ್ತಡ ಬಂದರೆ ಅವರ ದೇಹಕ್ಕೆ ಅದರಿಂದ ಚೇತರಿಸಿಕೊಳ್ಳುವುದು ಎಳೆಯರಿಗಿಂತ ಕಷ್ಟ.

ಆಯ್ಕೆ ಪೂರ್ತಿ ಹೋದದ್ದು ಆರೈಕೆ ಕೇಂದ್ರಗಳಲ್ಲಿ. ಅನೇಕ ದೇಶಗಳು ತಿಂಗಳುಗಟ್ಟಲೆ ಅಲ್ಲಿಗೆ ಮನೆಯವರ ಭೇಟಿಯನ್ನೇ ನಿಲ್ಲಿಸಿದವು. ಮೊದಲ ವಾರಗಳಲ್ಲಿ ಅದಕ್ಕೆ ಕಾರಣವಿತ್ತು. ಲಸಿಕೆ ಇರಲಿಲ್ಲ, ಪರೀಕ್ಷೆ ಸಾಕಷ್ಟು ಇರಲಿಲ್ಲ, ಒಳಗೆ ಜನ ಸಾಯುತ್ತಿದ್ದರು. ಆದರೆ ಆ ನಿರ್ಧಾರ ಆಗುವಾಗ ಒಳಗಿದ್ದವರನ್ನು ಯಾರಾದರೂ ಕೇಳಿದರೇ? "ನಿಮಗೆ ಉಳಿದಿರುವುದು ಬಹುಶಃ ಒಂದು ವರ್ಷ. ಅದನ್ನು ಮಗಳನ್ನು ನೋಡದೆ ಸುರಕ್ಷಿತವಾಗಿ ಕಳೆಯುತ್ತೀರೋ, ಸ್ವಲ್ಪ ಅಪಾಯ ಒಪ್ಪಿಕೊಂಡು ಅವಳನ್ನು ನೋಡುತ್ತೀರೋ?" ಇದು ಕೇಳಲೇಬೇಕಾದ ಪ್ರಶ್ನೆ. ಉತ್ತರ ಒಬ್ಬೊಬ್ಬರದು ಒಂದೊಂದು ಇರುತ್ತಿತ್ತು, ಅಕ್ಕಪಕ್ಕದ ಕೋಣೆಯವರ ಜೀವದ ಪ್ರಶ್ನೆಯೂ ಅದರಲ್ಲಿ ಇತ್ತು. ಕಷ್ಟದ ಪ್ರಶ್ನೆ ಹೌದು. ಆದರೂ ಕೇಳಬೇಕಿತ್ತು.

ಬೇರೆ ದಾರಿ ಇತ್ತು ಎಂಬುದಕ್ಕೆ ನೆದರ್‌ಲ್ಯಾಂಡ್ಸ್ ಸಾಕ್ಷಿ. ಅಲ್ಲಿ 2020ರ ಮಾರ್ಚ್ 20ರಿಂದ ಆರೈಕೆ ಕೇಂದ್ರಗಳಲ್ಲಿ ಭೇಟಿ ನಿಷೇಧವಾಗಿತ್ತು. ಮೇ 11ರಿಂದ 26 ಕೇಂದ್ರಗಳಲ್ಲಿ ಒಂದು ಪ್ರಯತ್ನ ಮಾಡಿದರು. ಒಬ್ಬ ನಿವಾಸಿಗೆ ಒಬ್ಬರೇ ಗೊತ್ತಾದ ಭೇಟಿಗಾರರು, ಕಟ್ಟುನಿಟ್ಟಿನ ನಿಯಮಗಳೊಂದಿಗೆ. ಸಂಶೋಧಕರು ಜತೆಗೇ ನಿಂತು ಗಮನಿಸಿದರು. ಅಧ್ಯಯನದ ಅವಧಿಯಲ್ಲಿ ಹೊಸ ಸೋಂಕು ವರದಿಯಾಗಲಿಲ್ಲ. ನಿವಾಸಿಗಳಿಗೆ, ಮನೆಯವರಿಗೆ, ಅಲ್ಲಿನ ಸಿಬ್ಬಂದಿಗೂ ಅದರಿಂದ ಒಳ್ಳೆಯದಾಯಿತು. ಒಬ್ಬರು ಸಾಕು ನೋಡಿ. ಹತ್ತು ಜನ ಬರಬೇಕು ಎಂದು ಹಿರಿಯರು ಕೇಳುವುದಿಲ್ಲ. ಬರುವ ಒಬ್ಬರು ಯಾರು ಎಂದು ತಾವೇ ಹೇಳುವಂತಿರಬೇಕು.

ಇಲ್ಲಿ ಒಂದು ಸಣ್ಣ ವಿಷಯವನ್ನು ಹತ್ತಿರದಿಂದ ತೋರಿಸಬೇಕು, ಯಾಕೆಂದರೆ ಇಂಥವು ದೊಡ್ಡ ಚರ್ಚೆಗಳಲ್ಲಿ ಜಾರಿಹೋಗುತ್ತವೆ. ಅರವತ್ತು ದಾಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ದಿನದ ಬದುಕಿಗೆ ಅಡ್ಡಿಯಾಗುವಷ್ಟು ಕಿವಿ ಮಂದವಾಗಿರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಎಷ್ಟೋ ಜನ, ತಮಗೇ ಗೊತ್ತಿಲ್ಲದೆ, ಎದುರಿನವರ ತುಟಿ ನೋಡಿ ಅರ್ಧ ಮಾತು ತಿಳಿದುಕೊಳ್ಳುತ್ತಿರುತ್ತಾರೆ. ಮಾಸ್ಕ್ ಬಂತು. ತುಟಿ ಕಾಣದಾಯಿತು, ದನಿ ಮಂಕಾಯಿತು, ಮಾತಾಡುವವರು ದೂರ ನಿಂತರು. ದಾದಿ "ಮಾತ್ರೆ ತಗೊಂಡ್ರಾ?" ಎಂದು ಕೇಳುತ್ತಾರೆ. ಅಜ್ಜ ಎರಡು ಸಲ "ಏನು?" ಎನ್ನುತ್ತಾರೆ. ಮೂರನೆಯ ಸಲ ಕೇಳಲು ಸಂಕೋಚವಾಗಿ ಸುಮ್ಮನೆ ತಲೆಯಾಡಿಸುತ್ತಾರೆ. ಹತ್ತು ದಿನ ಹೀಗಾದರೆ ಅವರು ಮಾತನ್ನೇ ಬಿಡುತ್ತಾರೆ. ಹೊರಗಿನವರಿಗೆ ಇದು ಮರೆವಿನಂತೆ, ಮಂಕಿನಂತೆ, ಕೆಲವೊಮ್ಮೆ ಹಟದಂತೆ ಕಾಣುತ್ತದೆ. ಪಾರದರ್ಶಕ ಕಿಟಕಿ ಇರುವ ಮಾಸ್ಕ್, ಒಂದು ಸ್ಲೇಟು, ದೊಡ್ಡ ಅಕ್ಷರದಲ್ಲಿ ಬರೆದ ಹಾಳೆ, ಇಷ್ಟರಿಂದ ಇದರಲ್ಲಿ ಬಹುಪಾಲು ತಪ್ಪುತ್ತಿತ್ತು. ಕಿವಿಯ ಯಂತ್ರದ ಬ್ಯಾಟರಿ ಬದಲಿಸಿದೆಯೇ ಎಂದು ನೋಡುವುದು ಕೂಡ ಮನಸ್ಸಿನ ಆರೈಕೆಯೇ.

ಇದರ ಜತೆಗೆ ಒಂದು ವೈದ್ಯಕೀಯ ವಿಷಯ. ಹಿರಿಯರು ಇದ್ದಕ್ಕಿದ್ದಂತೆ ಗಲಿಬಿಲಿಯಾದರೆ, ಹಗಲೋ ರಾತ್ರಿಯೋ ತಿಳಿಯದೆ ಏನೇನೋ ಮಾತಾಡಿದರೆ, ಅದನ್ನು "ಒಂಟಿತನದಿಂದ ಹೀಗಾಗಿದೆ" ಎಂದು ಮನಸ್ಸಿನ ಲೆಕ್ಕಕ್ಕೆ ಹಾಕಬೇಡಿ. ಅದು ಸನ್ನಿ ಇರಬಹುದು, ಒಳಗಿನ ಸೋಂಕಿನ ಗುರುತು ಇರಬಹುದು. ಅಮೆರಿಕದ ತುರ್ತು ಚಿಕಿತ್ಸಾ ಘಟಕಗಳಿಗೆ ಬಂದ 817 ಹಿರಿಯ ಕೋವಿಡ್ ರೋಗಿಗಳಲ್ಲಿ 28% ಜನರಿಗೆ ಸನ್ನಿ ಇತ್ತು. ಆ ಸನ್ನಿ ಇದ್ದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಜ್ವರ, ಉಸಿರಾಟದ ತೊಂದರೆಯಂಥ ಸಾಮಾನ್ಯ ಲಕ್ಷಣಗಳೇ ಇರಲಿಲ್ಲ. ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಬಂದ ಬದಲಾವಣೆಯಾದರೆ ತಕ್ಷಣ ವೈದ್ಯರ ಬಳಿ ಕರೆದುಕೊಂಡು ಹೋಗಿ.

ನಮ್ಮಿಂದ ಏನು ಆಗುತ್ತದೆ? ನನಗೆ ತುಂಬ ಭರವಸೆ ಕೊಟ್ಟ ಅಧ್ಯಯನವೊಂದನ್ನು ಹೇಳುತ್ತೇನೆ. 2020ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಟೆಕ್ಸಸ್‌ನಲ್ಲಿ, ಮನೆಗೇ ಊಟ ತಲುಪಿಸುವ ಸಂಸ್ಥೆಯೊಂದರ ನೆರವು ಪಡೆಯುತ್ತಿದ್ದ 240 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಅರ್ಧಕ್ಕಿಂತ ಹೆಚ್ಚು ಜನ 65 ದಾಟಿದವರು. ಒಂದು ಗುಂಪಿಗೆ ನಾಲ್ಕು ವಾರ ಫೋನ್ ಕರೆ. ಕರೆ ಮಾಡಿದವರು 17ರಿಂದ 23 ವಯಸ್ಸಿನ ಹದಿನಾರು ಮಂದಿ. ಅವರು ಮನೋವೈದ್ಯರಲ್ಲ, ಕೇಳಿಸಿಕೊಳ್ಳುವುದು ಹೇಗೆ ಎಂದು ಅಲ್ಪ ತರಬೇತಿ ಕೊಟ್ಟಿದ್ದರು, ಅಷ್ಟೇ. ಮೊದಲ ಐದು ದಿನ ಪ್ರತಿದಿನ ಸುಮಾರು ಹತ್ತು ನಿಮಿಷ ಮಾತು. ಆಮೇಲೆ ವಾರಕ್ಕೆ ಎಷ್ಟು ಕರೆ ಬೇಕು ಎಂದು ಹಿರಿಯರೇ ಗೊತ್ತು ಮಾಡುತ್ತಿದ್ದರು. ಯಾವ ವಿಷಯ ಮಾತಾಡುವುದು ಎಂಬುದೂ ಅವರದೇ ಆಯ್ಕೆ. ನಾಲ್ಕು ವಾರಗಳ ಕೊನೆಗೆ, ಕರೆ ಸಿಗದ ಗುಂಪಿನ ಜತೆ ಹೋಲಿಸಿದರೆ, ಒಂಟಿತನ, ಖಿನ್ನತೆ, ಆತಂಕ ಮೂರೂ ಇಳಿದಿದ್ದವು.

ಗಮನಿಸಿ, ಎಷ್ಟು ಸಲ, ಯಾವ ವಿಷಯ, ಎರಡನ್ನೂ ನಿರ್ಧರಿಸಿದವರು ಕರೆ ಪಡೆದವರು. ನಾವು ಮನೆಯ ಹಿರಿಯರಿಗೆ ಮಾಡುವ ಫೋನ್ ಹೇಗಿರುತ್ತದೆ? "ಊಟ ಆಯ್ತಾ? ಮಾತ್ರೆ ತಗೊಂಡ್ರಾ? ಹೊರಗೆ ಹೋಗಿಲ್ಲ ತಾನೆ? ಸರಿ, ಇಡ್ತೀನಿ." ಇದು ವಿಚಾರಣೆ. ಪ್ರೀತಿಯಿಂದಲೇ ಮಾಡಿದ್ದು, ಆದರೂ ವಿಚಾರಣೆಯೇ. ಅದರ ಬದಲು "ಅಪ್ಪಾ, ಈ ಲೆಕ್ಕ ನನಗೆ ತಿಳೀತಿಲ್ಲ, ನೀವೇ ಸ್ವಲ್ಪ ನೋಡಿ ಹೇಳಿ", "ಅಮ್ಮಾ, ಮಗು ರಾತ್ರಿ ಮಲಗ್ತಾನೇ ಇಲ್ಲ, ನೀನು ನಮಗೆ ಏನು ಮಾಡ್ತಿದ್ದೆ?" ಎಂದು ಕೇಳಿ ನೋಡಿ. ಸಹಾಯ ಪಡೆಯುವವರಾಗಿ ಮಾತ್ರ ಉಳಿದವರಿಗೆ ಹೊರೆಯಾದ ಭಾವನೆ ಬೇಗ ಬರುತ್ತದೆ. ಹಾಂಗ್‌ಕಾಂಗ್‌ನ ಆ ದಾಖಲೆಗಳಲ್ಲಿ ಇದ್ದದ್ದೂ ಇದೇ ಕೊರಗು. 2020ರ ಮಾರ್ಚ್‌ನಲ್ಲಿ ಬ್ರಿಟನ್ ನಿವೃತ್ತ ವೈದ್ಯರನ್ನೂ ದಾದಿಯರನ್ನೂ ಮತ್ತೆ ಕೆಲಸಕ್ಕೆ ಕರೆದಾಗ ಸಾವಿರಾರು ಜನ ಬಂದರು. ಎಲ್ಲರೂ ವಾರ್ಡಿಗೆ ಹೋಗಬೇಕಿಲ್ಲ. ಬೇಕಾದವರಾಗಿರುವುದು ಮನೆಯೊಳಗೂ ಸಾಧ್ಯ.

ವಿಡಿಯೋ ಕರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಲವರಿಗೆ ಅದು ವರ, ಕೆಲವರಿಗೆ ತಲೆನೋವು. ಯಾವುದು ಹಿತ ಎಂದು ಅವರನ್ನೇ ಕೇಳಿ.

ದುಃಖದ ಬಗ್ಗೆ ಮಾತ್ರ ಹೇಳಲೇಬೇಕು. ಅಮೆರಿಕದ ಒಂದು ಲೆಕ್ಕಾಚಾರದ ಪ್ರಕಾರ ಅಲ್ಲಿನ ಪ್ರತಿ ಕೋವಿಡ್ ಸಾವು ಹಿಂದೆ ಸುಮಾರು ಒಂಬತ್ತು ಹತ್ತಿರದ ಬಂಧುಗಳನ್ನು ದುಃಖದಲ್ಲಿ ಬಿಟ್ಟುಹೋಯಿತು. ಅವರಲ್ಲಿ ಐವತ್ತು ವರ್ಷದ ದಾಂಪತ್ಯದ ನಂತರ ಕೊನೆಯ ಮುಖ ನೋಡಲಾಗದ ಗಂಡಂದಿರು, ಹೆಂಡಂದಿರು ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ತುರ್ತು ಪರಿಸ್ಥಿತಿ ಮುಗಿಯಿತು ಎಂದಿತು. ಇವರಿಗೆ ಅಂಥ ದಿನಾಂಕ ಯಾರೂ ಕೊಡಲಿಲ್ಲ. ಆಗ ಆಗದೇ ಉಳಿದ ಬೀಳ್ಕೊಡುಗೆಯ ಬಗ್ಗೆ ಈಗಲೂ ಅವರು ಮಾತಾಡಬೇಕೆಂದರೆ ಕೇಳಿಸಿಕೊಳ್ಳಿ. "ಎಷ್ಟು ದಿನ ಅದನ್ನೇ ಹೇಳ್ತೀರಿ" ಎನ್ನಬೇಡಿ.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಒಬ್ಬರು ಕೇಳಿದರು: "ನಮ್ಮ ತಾಯಿ ಯಾವಾಗ ಕೇಳಿದರೂ ಚೆನ್ನಾಗಿದ್ದೀನಿ ಅಂತಾರೆ. ನಿಜವಾಗಿ ಚೆನ್ನಾಗಿದ್ದಾರೆ ಅಂತ ತಿಳಿಯೋದು ಹೇಗೆ?"

ಇದಕ್ಕೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸಿದ್ದೇನೆ. ವಯಸ್ಸಾದವರ ಖಿನ್ನತೆ ಎಷ್ಟೋ ಸಲ ಅಳುವಾಗಿ ಬರುವುದಿಲ್ಲ. ಮೈಕೈ ನೋವಾಗಿ, ಆಯಾಸವಾಗಿ, ನಿದ್ದೆ ಕೆಟ್ಟದ್ದಾಗಿ, ಹಸಿವಿಲ್ಲದಿರುವಿಕೆಯಾಗಿ ಬರುತ್ತದೆ. ಆದ್ದರಿಂದ "ಹೇಗಿದ್ದೀರಿ" ಎನ್ನುವುದಕ್ಕಿಂತ ನಿನ್ನೆ ಏನು ಮಾಡಿದಿರಿ ಎಂದು ಕೇಳಿ. ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಯಾವುದು ನಿಂತಿದೆ? ಓದು, ಗಿಡಗಳಿಗೆ ನೀರು, ಪಕ್ಕದವರ ಜತೆ ಮಾತು? ಸ್ನಾನ, ಬಟ್ಟೆ ಬದಲಿಸುವುದು ತಪ್ಪುತ್ತಿದೆಯೇ? ತೂಕ ಇಳಿದಿದೆಯೇ? "ನಾನಿದ್ದು ಏನು ಪ್ರಯೋಜನ" ಎಂಬಂಥ ಮಾತು ಬರುತ್ತಿದೆಯೇ? ಹಿರಿಯರಿಗಾಗಿಯೇ ಮಾಡಿದ ಹದಿನೈದು ಪ್ರಶ್ನೆಗಳ ಖಿನ್ನತೆಯ ಪಟ್ಟಿಯೊಂದು ವೈದ್ಯರ ಬಳಿ ಇರುತ್ತದೆ, ಹೌದು-ಇಲ್ಲ ಎಂದರೆ ಸಾಕು, ಕೆಲವೇ ನಿಮಿಷದ ಕೆಲಸ. ಎರಡು ವಾರ ದಾಟಿದರೂ ಈ ಬದಲಾವಣೆಗಳು ಉಳಿದಿದ್ದರೆ ತಾಯಿಯವರ ಜತೆ ಮಾತಾಡಿ ವೈದ್ಯರಲ್ಲಿಗೆ ಹೋಗಿ. ಬದುಕುವುದು ಬೇಡ ಎಂಬ ಮಾತು ಒಮ್ಮೆ ಬಂದರೂ ಎರಡು ವಾರ ಕಾಯಬೇಡಿ, ಅಂದೇ ಹೋಗಿ. ಯಾವ ವೈದ್ಯರು, ಜತೆಗೆ ಯಾರು ಬರಬೇಕು, ನೀವು ಒಳಗೆ ಕೂರಬೇಕೋ ಹೊರಗಿರಬೇಕೋ ಎಂಬುದನ್ನು ಅವರೇ ಹೇಳಲಿ.